ಮೂರನೆಯ ಚೆಂಡು

ಕೈ ಕೊಡು ಲೆಂಪಿ, ಭವಿಷ್ಯ ಹೇಳುವುದಿಲ್ಲ, ಹೆದರಬೇಡ.
ಹೆಬ್ಬೆರಳಿಂದ ನಡುಬೆರಳಿಗೆ ಎಷ್ಟು ದೂರ, ಅಷ್ಟೇ ಬೇಕು ನನಗೆ.
ಚಳಿಗೆ ಸಣಕಲಾಗಿದೆ ಬೆರಳು; ಎರಡನೇ ಆಟಕ್ಕೆ ಊದಿಕೊಳ್ಳುತ್ತದೆ.
ತೂತು ಕೊರೆಯುವವನು ಎರಡನ್ನೂ ನೆನಪಿಡಬೇಕು.

ಇಪ್ಪತ್ತೆರಡು ವರ್ಷ ಕಬ್ಬಿಣದ ಗಣಿಯಲ್ಲಿ ಕೊರೆದೆ.
ಈಗ ಇಶ್ಪೆಮಿಂಗಿನ ಈ ಬೌಲಿಂಗ್ ಮನೆಯ ಮೂಲೆಯಲ್ಲಿ
ಚೆಂಡು ಕೊರೆಯುತ್ತೇನೆ. ಕಲ್ಲಿಗೆ ಸಿಟ್ಟು ಬರುತ್ತಿತ್ತು,
ಇದಕ್ಕೆ ಬರುವುದಿಲ್ಲ. ಇದರ ಪುಡಿ ಮಾತ್ರ
ಮೂಗಿನ ಕೂದಲಲ್ಲಿ ಬಣ್ಣಬಣ್ಣವಾಗಿ ಕೂರುತ್ತದೆ.

ಆ ಕೆಂಪನೆಯದು ಬೇಕು ಅನ್ನುತ್ತೀಯ.
ಗೊತ್ತು. ಸಿಗ್ನೆ ಎಸೆದದ್ದನ್ನು ನಾನೂ ನೋಡಿದೆ,
ಹತ್ತೂ ಪಿನ್ನು ಮಾತಾಡಿಕೊಂಡವರ ಹಾಗೆ ಒಟ್ಟಿಗೆ ಬಿದ್ದದ್ದು,
ಅವಳು ಬಿದ್ದದ್ದನ್ನು ನೋಡದೆಯೇ ತಿರುಗಿ ಬಂದದ್ದು.
ಕೊಡಬಲ್ಲೆ. ದುಡ್ಡು ಎಣಿಸಿಕೊಳ್ಳಲು ನನಗೇನು ಕಷ್ಟ?

ಮೊದಲು ಚೀಲ ಬಿಚ್ಚು.
ಇದು ಕಪ್ಪು, ಮೈ ಒರಟು.
ಇದು ನೀಲಿ, ಮೈ ಒರಟು.
ಬಣ್ಣ ನೋಡಿ ಎರಡು ಅಂದುಕೊಂಡಿದ್ದೀಯ.
ಎಣ್ಣೆ ದಪ್ಪವಿದ್ದಾಗ ಎರಡೂ ಸಾಧು,
ತೆಳುವಾಯಿತೋ, ಎರಡೂ ಒಂದೇ ಜಾಗದಲ್ಲಿ
ಹುಚ್ಚು ಹಿಡಿದು ಎಡಕ್ಕೆ ಹೊರಳುತ್ತವೆ.
ಕೆಂಪು ಅವಕ್ಕೆ ತಂಗಿ.
ಒಂದೇ ಚಾಡಿಯನ್ನು ಮೂವರ ಬಾಯಲ್ಲಿ ಕೇಳಿದರೆ
ಮೂರು ಸುದ್ದಿಯಾಗುತ್ತದೆಯೆ?

ಲೇನು ಅಂದರೆ ಬರೀ ಹಲಗೆಯಲ್ಲ.
ಅರವತ್ತು ಅಡಿ; ಮೊದಲ ನಲವತ್ತು ಕಣ್ಣಿಗೆ ಕಾಣದ ಜಾರು,
ಆಚೆಗೆ ಒಣ. ಸಂಜೆ ಆರಕ್ಕೆ ಯಂತ್ರ ಎಣ್ಣೆ ಬಳಿದು ಹೋಗುತ್ತದೆ,
ಎಂಟರ ಹೊತ್ತಿಗೆ ನಿಮ್ಮ ಚೆಂಡುಗಳು ಅದನ್ನು ನೆಕ್ಕಿ, ಒರೆಸಿ,
ಇರಬಾರದ ಕಡೆಗೆಲ್ಲ ಹೊತ್ತು ಹಾಕಿರುತ್ತವೆ. ಹೇಗೆ ಹೇಳಲಿ,
ಈಗ ಒಂದು…

ಏನಂದೆ? ಬಸ್ಸಿನ ದಾರಿಯ ಹಾಗೆಯೆ?
ಬೆಳಿಗ್ಗೆ ಆರಕ್ಕೆ ಡೀರ್ ಲೇಕಿನ ಇಳಿಜಾರು ಗಾಜು,
ಮಧ್ಯಾಹ್ನ ಮೂರಕ್ಕೆ ಅದೇ ಇಳಿಜಾರು ಮರಳು, ಕೆಸರು,
ರಸ್ತೆ ಅದೇ, ಹತ್ತುವ ಮಕ್ಕಳೂ ಅವೇ,
ಬ್ರೇಕಿನ ಮೇಲಿನ ಕಾಲು ಮಾತ್ರ ಬೇರೆ. ಹೌದು.
ಹದಿನಾರು ಚಳಿಗಾಲ ಶಾಲೆಯ ಬಸ್ಸು ಓಡಿಸಿದವಳಿಗೆ
ಜಾರುವುದರ ಪಾಠ ಹೇಳುತ್ತಿದ್ದೇನೆ, ನೋಡು ನನ್ನ ಪೆದ್ದುತನ.

ಹಾಗಾದರೆ ಕಪ್ಪು ಇರಲಿ, ಮೊದಲ ಆಟಕ್ಕೆ.
ನೀಲಿಯನ್ನು ಬಿಟ್ಟುಹೋಗು, ಉಜ್ಜಿ ಹೊಳಪು ಕೊಡುತ್ತೇನೆ,
ದೂರ ಹೋಗಲಿ, ತಡೆದು ತಿರುಗಲಿ.
ಮೂರನೆಯದು ಇಗೋ, ಈ ಹಳದಿ ಪ್ಲಾಸ್ಟಿಕ್ಕು.
ನಗಬೇಡ. ಹೌದು, ಹುಟ್ಟುಹಬ್ಬದ ಹುಡುಗರು ಎಸೆಯುವಂಥದ್ದೇ.
ಎಣ್ಣೆಯೇನು, ಒಣವೇನು, ಇದಕ್ಕೆ ಲೆಕ್ಕಕ್ಕಿಲ್ಲ,
ಬಿಟ್ಟ ಕಡೆಯಿಂದ ನೆಟ್ಟಗೆ ಹೋಗುವುದೊಂದೇ ಗೊತ್ತು.
ಬಲಮೂಲೆಯಲ್ಲಿ ಒಂಟಿ ನಿಂತು ನಿನ್ನ ನಿದ್ದೆ ಕೆಡಿಸುತ್ತದಲ್ಲ,
ಆ ಹತ್ತನೇ ಪಿನ್ನು, ಅದಕ್ಕೆ ಜಾಣತನ ಬೇಕಿಲ್ಲ.

*

ಗುರುವಾರ ಹನ್ನೊಂದು ಪಿನ್ನಲ್ಲಿ ಸೋತೆ.
ಕೊನೆಯ ಆಟಕ್ಕೂ ಕಪ್ಪನ್ನೇ ಹಿಡಿದು ಕೂತೆ, ಹಠ;
ಗಾಜಿನ ಹಿಂದೆ ನಾನು ಕೈ ಬೀಸಿದ್ದು ಕಾಣಲಿಲ್ಲ,
ಕಂಡರೂ ಕಾಣದ ಹಾಗಿದ್ದೆಯೋ.
ಹಳದಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ,
ಐದಕ್ಕೆ ಐದು ಹೊಡೆದು ಸುಮ್ಮನೆ ಚೀಲ ಸೇರಿತು.

ಈಗ ನೀಲಿಯನ್ನು ನನ್ನ ಮೇಜಿಗೆ ಉರುಳಿಸಿ
'ಓದು' ಅನ್ನುತ್ತೀಯ. ಮೈಮೇಲೆ ಎಣ್ಣೆಯ ಉಂಗುರಗಳು,
ಒಂದರ ಪಕ್ಕಕ್ಕೊಂದು, ಕೂದಲೆಳೆಯ ಅಂತರ.
ಓದುತ್ತೇನೆ, ಕನ್ನಡಕ ತರುತ್ತೇನೆ ಇರು.
ಹೊರಗೆ ಬಸ್ಸಿನ ಇಂಜಿನ್ನು ಆರಿಸದೆ ಬಂದಿದ್ದೀಯ,
ಕಿಟಕಿಯ ತುಂಬ ಹೊಗೆ.
ಆ ಕೆಂಪಿನ ಮೇಲಿಂದ ಕೈ ತೆಗಿ ಮೊದಲು.