ಐದು ಅಂಕದ ಪ್ರಶ್ನೆ

ಹಾಲೇಶಪ್ಪ ಸರ್ ಬೋರ್ಡಿನ ಮೇಲೆ ಬರೆದರು:
ನಾಲ್ಕನೆಯ ಆಶ್ವಾಸದಲ್ಲಿ ಸ್ವಾತಂತ್ರ್ಯದ ಕಲ್ಪನೆ. ಚರ್ಚಿಸಿ.
ಐದು ಅಂಕ, ಒಂದೂವರೆ ಪುಟ.

ಸೆರೆಸಿಕ್ಕ ಅರಸ ಹಲುಬುತ್ತಾನೆ ಹದಿನೆಂಟು ಪದ್ಯ.
ಪಂಜರದ ಗಿಳಿ, ರಾಹು ಹಿಡಿದ ಚಂದ್ರ,
ಕೆಸರಲ್ಲಿ ಹೂತ ಆನೆ.
ಮುಂದಿನ ಬೆಂಚಿನ ಸೌಭಾಗ್ಯ ಎಲ್ಲಕ್ಕೂ ಅಡಿಗೆರೆ ಎಳೆದಳು.

ನಾನು ಸಿಕ್ಕಿಬಿದ್ದದ್ದು ಹತ್ತೊಂಬತ್ತರಲ್ಲಿ.
ಅಲ್ಲಿ ಅರ್ಧ ಸಾಲು:
ಚಾಮರಮನಿಕ್ಕುವಳ ಕಯ್ ನಿಂದುದು.
ಅಷ್ಟೆ. ಮತ್ತೆ ಅರಸನ ಬೆವರು.

ಸೆರೆಯಲ್ಲೂ ಅವನಿಗೆ ಗಾಳಿ ಬೀಸುವವರಿದ್ದರು!
ಟಿಪ್ಪಣಿಯಲ್ಲಿ ಆನೆಗೆ ನಾಲ್ಕು ಅರ್ಥ ಕೊಟ್ಟಿದ್ದಾರೆ.
ಅವಳಿಗೆ ಒಂದು ಹೆಸರೂ ಇಲ್ಲ.

ನಮ್ಮ ಮಂಡಕ್ಕಿ ಭಟ್ಟಿಯಲ್ಲಿ
ರಾತ್ರಿ ಮೂರಕ್ಕೆ ಒಲೆ ಹೊತ್ತುತ್ತದೆ.
ಹೊಟ್ಟು ಸುರಿದು, ಮರಳು ಕಾಯಿಸಿ,
ಉಪ್ಪು ಹಿಡಿದ ಅಕ್ಕಿ ಹಾಕಿದರೆ
ಹತ್ತು ಎಣಿಸುವುದರೊಳಗೆ ಬಾಣಲೆ ತುಂಬ ಬೆಳ್ಳಗೆ.
ಸಂಜೆ ಮಿರ್ಚಿಯ ಜೊತೆ ದಾವಣಗೆರೆ ತಿನ್ನುವುದು ಇದನ್ನೇ.
ಅಮ್ಮಿ ಜರಡಿ ಹಿಡಿಯುತ್ತಾಳೆ,
ಇತ್ತ, ಅತ್ತ, ಇತ್ತ,
ಚೀಲಕ್ಕೆ ಇಷ್ಟು ಅಂತ ಕೂಲಿ.
ಹೋದ ರಂಜಾನಿನಿಂದ ಬಲಗೈ
ಹೆಗಲಿಗಿಂತ ಮೇಲೇಳುವುದಿಲ್ಲ;
ತಲೆ ನನ್ನಿಂದ ಬಾಚಿಸಿಕೊಳ್ಳುತ್ತಾಳೆ.

ಎದ್ದು ನಿಂತು ಕೇಳಿಯೇಬಿಟ್ಟೆ:
ಸರ್, ಕೈ ಸೋತು ನಿಂತಿತಾ, ಅವಳೇ ನಿಲ್ಲಿಸಿದಳಾ?
ಕ್ಲಾಸು ನಕ್ಕಿತು.
ಸರ್ ಕನ್ನಡಕ ತೆಗೆದು ಒರೆಸಿದರು,
ಒರೆಸುತ್ತಲೇ ಇದ್ದರು.
ಹಳಗನ್ನಡದಲ್ಲಿ ಎರಡೂ ಆಗುತ್ತಮ್ಮ ಮುಬೀನಾ,
ಪರೀಕ್ಷೆಗೆ ಮಾತ್ರ ಸೋತು ಅಂತ ಬರಿ.

ಹಿಂದಿನಿಂದ ಮೈಲಾರಪ್ಪ ಪಿಸುಗುಟ್ಟಿದ,
(ಅವನಪ್ಪ ಮುಚ್ಚಿದ ಹತ್ತಿ ಗಿರಣಿಯ ಗೇಟು ಕಾಯುತ್ತಾನೆ,
ಒಳಗೆ ಕಾಯುವಂಥದ್ದು ಏನೂ ಇಲ್ಲ):
ಗಾಳಿ ನಿಂತದ್ದು ಅರಸನಿಗೆ ಗೊತ್ತಾಯ್ತಲ್ಲ,
ಅಷ್ಟು ಸಾಕು ಬಿಡು.

ಸಾಕಾ?

ರಾತ್ರಿ ಅಮ್ಮಿಗೆ ಕಥೆ ಹೇಳಿದೆ.
ಚಾಮರಕ್ಕೆ ನಮ್ಮ ಮನೆಮಾತಿನಲ್ಲಿ ಪದವಿಲ್ಲ, ಪಂಖಾ ಅಂದೆ.
ಗಿಳಿ, ಚಂದ್ರ ಬಿಟ್ಟೆ. ಆನೆ ಹೇಳಿದೆ,
ತಮ್ಮನಿಗೆ ಆನೆ ಇಷ್ಟ.
ಅವಳು ಜರಡಿಯ ಹರಿದ ತಂತಿಗೆ ಗಂಟು ಹಾಕುತ್ತಾ ಕೇಳಿದಳು:
ಅವತ್ತಿನ ಕೂಲಿ ಕೊಟ್ಟರಾ ಅವಳಿಗೆ?

ಪುಸ್ತಕ ಮತ್ತೆ ತೆಗೆದೆ.
ಇಪ್ಪತ್ತನೆಯ ಪದ್ಯ ಇದೆ.
ಅದರಲ್ಲಿ ಚಂದ್ರೋದಯ.

ಉತ್ತರಪತ್ರಿಕೆಯಲ್ಲಿ ಆನೆಯ ಬಗ್ಗೆ ಒಂದು ಪುಟ ಬರೆದೆ,
ಅಂಕ ಬೇಕಲ್ಲ.
ಉಳಿದರ್ಧ ಪುಟದಲ್ಲಿ
ಅಮ್ಮಿಯ ಪ್ರಶ್ನೆ ಇಟ್ಟು
ಕೆಳಗೆ ಜಾಗ ಬಿಟ್ಟಿದ್ದೇನೆ.