ಜಿ ಅಂದರೆ ನೆಲ

ಶುವೈಖಿನ ಈ ಶೆಡ್ಡಿಗೆ ಕಿಟಕಿಯಿಲ್ಲ.
ತೂಜ್ ಎದ್ದ ದಿನ ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕುತ್ತೇನೆ.
ಆದರೂ ಬರುತ್ತದೆ ಧೂಳು, ಕರೆಯದ ನೆಂಟನ ಹಾಗೆ,
ಹಳೆಯದು ಹೊಸದು ನೋಡದೆ
ಎರಡರ ಮೇಲೂ ಕೂರುತ್ತದೆ.

ಎರಡೂ ಪೋರ್ಷೆ. ಹುಟ್ಟಿದ ಊರು ಒಂದೇ,
ನಡುವೆ ಇಪ್ಪತ್ತೇಳು ವರ್ಷ.
ಒಂಬೈನೂರ ಐವತ್ತೊಂಬತ್ತು, ಒಂಬೈನೂರ ಹದಿನೆಂಟು:
ಹೆಸರಿನ ಲೆಕ್ಕದಲ್ಲಿ ಮಾತ್ರ ಕಿರಿಯದು ಚಿಕ್ಕದು.
ಉಳಿದದ್ದರಲ್ಲೆಲ್ಲ ಅದರದೇ ಮೇಲುಗೈ,
ನಾನೂರ ಐವತ್ತು ಕುದುರೆಯ ಎದುರು ಎಂಟುನೂರ ಎಂಬತ್ತೇಳು.
ಗಾನಿಂ ಮಗ್ಗಿಯಂತೆ ಒಪ್ಪಿಸುತ್ತಾನೆ.
ಹತ್ತೊಂಬತ್ತರ ಹುಡುಗ. ಕಾರು ಅಜ್ಜನದು,
ಆತುರ ಅವನದೇ.

ಹೊಸದು ರಾತ್ರಿ ಹೊರಟರೆ ಸದ್ದಿಲ್ಲ.
ಬರೀ ಕರೆಂಟಿನ ಮೇಲೆ, ಹಾಲು ಕದ್ದ ಬೆಕ್ಕಿನ ಹಾಗೆ ಜಾರಿ
ಗಲ್ಫ್ ರೋಡಿನ ತಿರುವಿಗೆ ಹೋಗಿ
ಅಲ್ಲಿ ಒಮ್ಮೆಗೇ ಕೂಗುತ್ತದೆ.
ಹೊಗೆಕೊಳವೆ ಬೆನ್ನ ಮೇಲೆ, ಆಕಾಶಕ್ಕೆ ಬಾಯಿ.
ವಾರ ಬಿಟ್ಟರೆ ಮುನಿಸು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಡಬೇಕು,
ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದಂತೆ.

ಹಳೆಯದಕ್ಕೆ ಗೇರು ಆರು. ಮೊದಲನೆಯದಕ್ಕೆ ಒಂದು ಎಂದಿಲ್ಲ,
ಜಿ ಎಂದು ಕೊರೆದಿದೆ.
ಹಾಗಂದರೇನು ಎಂದು ಮಾವನನ್ನು ಕೇಳಿದ್ದೆ.
ಜರ್ಮನರ ಮಾತಂತೆ. ನೆಲ ಅಂತ ಅರ್ಥವಂತೆ,
ಕಲ್ಲು ಮರಳಿನ ಒರಟು ನೆಲ.
ರಸ್ತೆಯ ಲೆಕ್ಕ ಆಮೇಲೆ ಶುರು.

ನನ್ನ ಮಾವ ಐತಪ್ಪ ಮೆಕ್ಯಾನಿಕ್ ಅಲ್ಲ, ಗಾರೆ ಮೇಸ್ತ್ರಿ.
ತೊಂಬತ್ತರ ಆಗಸ್ಟು, ಟ್ಯಾಂಕುಗಳು ಊರೊಳಗೆ ಬಂದ ಮೂರನೇ ರಾತ್ರಿ
ಬೂ ಮಿಶಾರಿ ಬರಿಗಾಲಲ್ಲಿ ಅವನ ಕೋಣೆಗೆ ಬಂದರಂತೆ.
ಟಾರ್ಚಿಗೆ ಬಟ್ಟೆ ಸುತ್ತಿ, ಕಾರನ್ನು ಮೂಲೆಗೆ ತಳ್ಳಿ,
ಬೆಳಗಾಗುವುದರೊಳಗೆ ಒಂದು ಗೋಡೆ.
ಹಸಿ ಗಾರೆ ಕಾಣದಿರಲೆಂದು ಸುಟ್ಟ ಆಯಿಲ್ ಬಳಿದು
ಮೇಲೊಂದು ಟಯರ್ ಕಂಪನಿಯ ಕ್ಯಾಲೆಂಡರ್ ಹೊಡೆದ.
ಸೈನಿಕರು ಬಂದರು. ಜಾಕು ಒಯ್ದರು, ಕಂಪ್ರೆಸರ್ ಒಯ್ದರು,
ಚಹಾದ ಕೆಟಲು ಕೂಡ.
ಒಬ್ಬ ಮಾತ್ರ ಕ್ಯಾಲೆಂಡರಿನ ಎದುರು ನಿಂತು
ಬೆರಳು ಮಡಚಿ ತಾರೀಕು ಎಣಿಸಿದನಂತೆ.

ಮಾವ ಬಾಗ್ದಾದು ದಾಟಿ
ಅಮ್ಮಾನಿನ ಡೇರೆಯಲ್ಲಿ ಹದಿನೆಂಟು ದಿನ ಬಿದ್ದಿದ್ದು
ಬೊಂಬಾಯಿಗೆ ಇಳಿದ. ಉಡಿದಾರದಲ್ಲಿ ಆ ಕಾರಿನ ಕೀಲಿ.
ದಾರಿಯಲ್ಲಿ ವಾಚು ಮಾರಿದ್ದ, ಕಂಬಳಿ ಮಾರಿದ್ದ.
ಬರೀ ಕೀಲಿಯನ್ನು ಕೊಳ್ಳುವವರಾರು?
ನನಗಾಗ ಹತ್ತು. ಬಾಯಿಗಿಟ್ಟು ಊದಿದೆ.
ಸಿಳ್ಳೆ ಬರಲಿಲ್ಲ, ತೂತಿಲ್ಲದ ಕೀಲಿ.

ಮರುವರ್ಷ, ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದಾಗ,
ನಡುಹಗಲಲ್ಲೂ ದೀಪ ಹಚ್ಚಿಕೊಂಡು
ತಾನು ಕಟ್ಟಿದ್ದನ್ನು ತಾನೇ ಒಡೆದ.
ಹೊಸ ಬ್ಯಾಟರಿ, ಮೂರು ಕೆಮ್ಮು,
ಆಮೇಲೆ ಉಸಿರು.

ಯಾವುದು ಮೇಲು, ಹೇಳು, ಎನ್ನುತ್ತಾನೆ ಗಾನಿಂ.
ಹೊಸದನ್ನು ಒರೆಸುವಾಗ ನನ್ನ ಹಲ್ಲು ಎಣಿಸಬಹುದು, ಅಷ್ಟು ಹೊಳಪು.
ಅದರ ಮೇಲೆ ನನಗೆ ದೂರಿಲ್ಲ.
ಅದಕ್ಕೆ ಇನ್ನೂ ಏನೂ ಆಗಿಲ್ಲ,
ಆಗದೇ ಇರಲಿ.
ಹಳೆಯದರ ಎಡಬಾಗಿಲ ಕೆಳಗೆ
ಸಿಮೆಂಟಿನ ಒಂದು ಹನಿ, ಉದ್ದಿನಕಾಳಿನಷ್ಟು.
ಬೆಲೆ ಕಟ್ಟಲು ಬಂದ ಜರ್ಮನಿಯವ ಭೂತಗನ್ನಡಿ ಹಿಡಿದು
ದೋಷ ಎಂದು ಬರೆದುಕೊಂಡ.
ಬೂ ಮಿಶಾರಿ ಆ ಕಾಗದವನ್ನು ನಾಲ್ಕಾಗಿ ಮಡಚಿ
ಅಲುಗುತ್ತಿದ್ದ ಚಹಾ ಮೇಜಿನ ಕಾಲ ಕೆಳಗಿಟ್ಟರು.

ಬಟ್ಟೆ ಆ ಹನಿಯ ಹತ್ತಿರ ಬಂದಾಗ
ಕೈ ತಾನೇ ಸುತ್ತುಹಾಕಿ ಹೋಗುತ್ತದೆ.
ಹುಡುಗ ಹಾರ್ನ್ ಹೊಡೆಯುತ್ತಿದ್ದಾನೆ.
ಪ್ಲಗ್ ಕೀಳಬೇಕು, ಗೋಣಿ ಎತ್ತಬೇಕು.
ಹೊರಗೆ ಧೂಳು ಇನ್ನೂ ಇಳಿದಿಲ್ಲ.