ಮುಖಕ್ಕೆ ಎರಡು

ಲಾಂಬೇರನ ಉಗುರಿನ ಬುಡಕ್ಕೆ ಪೆನ್ನು ಒತ್ತಿ
ಐದರವರೆಗೆ ಎಣಿಸುತ್ತೇನೆ.
ನೋವಿದೆಯೇ ಎಂದು ತಿಳಿಯಲು
ನೋಯಿಸದೆ ದಾರಿಯಿಲ್ಲ, ಲಿಯೇಜಿನ ಈ ವಾರ್ಡಿನಲ್ಲಿ.

ಕೈಗೆ ಒಂದು. ದನಿಗೆ ಸೊನ್ನೆ.
ಹುಬ್ಬು ಗಂಟಿಕ್ಕಿತು, ತುಟಿ ಎಡಕ್ಕೆ ಸೊಟ್ಟಗಾಯಿತು:
ಮುಖಕ್ಕೆ ಎರಡು ಎಂದು ಬರೆಯುವಷ್ಟರಲ್ಲಿ
ಹೆಂಡತಿ ಓಡಿಲ್ ತಡೆದಳು.

"ಅದು ನೋವಲ್ಲ. ಕಾಫಿಗೆ ಸಕ್ಕರೆ ಸಾಲದಿದ್ದರೆ
ಮೂವತ್ತು ವರ್ಷದಿಂದ ಇದೇ ಮುಖ.
ನೋವಾದರೆ ಇವನು ಸಿಳ್ಳೆ ಹಾಕುತ್ತಾನೆ.
ಚಾವಣಿಗೆ ಕಲ್ಲುಹಲಗೆ ಹೊದಿಸುವಾಗ ಹೆಬ್ಬೆರಳು ಜಜ್ಜಿಕೊಂಡು
ಬೀದಿಗೆಲ್ಲ ಕೇಳುವಂತೆ ಹಾಕಿದ್ದ, ಒಮ್ಮೆ."

ಸಿಳ್ಳೆಗೆ ನನ್ನ ಹಾಳೆಯಲ್ಲಿ ಮನೆಯಿಲ್ಲ.
ಗಂಟಲ ಕೊಳವೆಯಲ್ಲೇ ಹೋಗಿಬರುವ ಉಸಿರು
ತುಟಿಯ ಹಾದಿ ಮರೆತು ನಾಲ್ಕು ತಿಂಗಳು.
ಎರಡನ್ನು ಹೊಡೆದುಹಾಕಿ
ಒಂದು ಬರೆದೆ. ಮತ್ತೆ ಎರಡು ಮಾಡಿದೆ.

ಸಂಜೆ ಮೈ ಒರೆಸಲು ಮಗ್ಗುಲು ಹೊರಳಿಸಿದೆವು.
ಹೆಗಲ ಮೂಳೆಯ ಕೆಳಗೊಂದು ಕೆಂಪು ಗುಳಿ,
ಗುಳಿಯೊಳಗೆ ನನ್ನ ಪೆನ್ನಿನ ಮುಚ್ಚಳ.
ಯಾವಾಗಿನಿಂದಲೋ.
ಮಧ್ಯಾಹ್ನದ ಸಾಲಿನಲ್ಲಿ ನನ್ನದೇ ಅಕ್ಷರ:
ನೆಮ್ಮದಿಯಾಗಿದ್ದಾನೆ.

ಓಡಿಲ್ ನನ್ನನ್ನು ಬೈಯಲಿಲ್ಲ.
ಬಗ್ಗಿ, ತುಟಿ ಚೂಪು ಮಾಡಿ,
ಆ ಗುಳಿಗೆ ಊದಿದಳು.
ಇನ್ನೇನು ಸಿಳ್ಳೆಯಾಗಬೇಕು, ಆ ಗಾಳಿ,
ಆಗಲಿಲ್ಲ.